ಒಂದು ಹರಳು ಕಮ್ಮಿ

ನನ್ನ ಮಾವನವರು ಊಟಕ್ಕೆ ಕೂತರೆ ಮೊದಲ ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ, ಮೂರು ಎಣಿಸುವಷ್ಟು ಹೊತ್ತು ಸುಮ್ಮನಿರುತ್ತಿದ್ದರು. ಆಮೇಲೆ ತೀರ್ಪು ಬರುತ್ತಿತ್ತು: "ಒಂದು ಹರಳು ಕಮ್ಮಿ." ಮದುವೆಯಾಗಿ ಬಂದ ಹೊಸತರಲ್ಲಿ ಇದು ಸೊಸೆಯನ್ನು ಗೋಳುಹೊಯ್ದುಕೊಳ್ಳುವ ಹುನ್ನಾರ ಎಂದುಕೊಂಡಿದ್ದೆ. ನನ್ನದು ಹುಟ್ಟಿನಿಂದಲೇ ಅನುಮಾನದ ಬುದ್ಧಿ. ಹಾಲಿನವನು ನಕ್ಕರೆ, ಇವತ್ತು ನೀರು ಜಾಸ್ತಿ ಬೆರೆಸಿದ್ದಾನೆ ಎಂದು ಲೆಕ್ಕ ಹಾಕುವವಳು ನಾನು. ಹಾಗಾಗಿ ಒಂದು ದಿನ ಅವರ ಎದುರಿಗೇ ಒಂದೇ ಒಂದು ಹರಳು ಉಪ್ಪನ್ನು ಬೆರಳ ತುದಿಯಲ್ಲಿ ಎತ್ತಿ, ಗಂಜಿಗೆ ಹಾಕಿ, ಕಲಸಿ ಕೊಟ್ಟೆ. ತಿಂದು "ಈಗ ಸರಿ" ಎಂದರು. ನಾನೂ ರುಚಿ ನೋಡಿದೆ. ಹಾಳಾದ್ದು, ಸರಿಯಾಗಿಯೇ ಇತ್ತು.

ಊರಿನವರು ಅವರನ್ನು ಕರೆಯುವುದು 'ನಾಲಿಗೆ' ಎಂದು. ಹೊರಗಿನವರು ಕೇಳಿದರೆ ಬಾಯಿಬಡುಕರೇನೋ ಎಂದುಕೊಳ್ಳಬೇಕು. ಮಾವನವರೋ ಮೂರು ಮಾತಿನ ಕಡೆ ಅರ್ಧ ಮಾತಾಡುವ ಆಸಾಮಿ. ಆ ಹೆಸರು ಬಂದದ್ದು ತೂಬಿನಿಂದ. ನಮ್ಮ ಗದ್ದೆಗಳೆಲ್ಲ ಹೊಳೆಯ ಮಟ್ಟಕ್ಕಿಂತ ತಗ್ಗಿನಲ್ಲಿವೆ. ಹೊಳೆಗೂ ಗದ್ದೆಗೂ ನಡುವೆ ಮಣ್ಣಿನ ಏರಿ, ಏರಿಯಲ್ಲಿ ಒಂದು ತೂಬು, ತೂಬಿಗೆ ಅಡ್ಡ ಒಂದು ದಪ್ಪ ಹಲಗೆ. ಹಲಗೆ ಎತ್ತಿದರೆ ಹೊಳೆಯ ನೀರು ಕಾಲುವೆಗಿಳಿದು ಊರಿನ ಅಷ್ಟೂ ಗದ್ದೆಗೆ ಹರಿಯುತ್ತದೆ. ಆದರೆ ಅರ್ಧ ದಿನದ ನಡಿಗೆಯಷ್ಟು ಕೆಳಗೆ ಸಮುದ್ರವಿದೆ. ಉಬ್ಬರದ ಹೊತ್ತಿನಲ್ಲಿ ಅದು ಹೊಳೆಯೊಳಗೆ ನುಗ್ಗುತ್ತದೆ. ಸಿಹಿನೀರು ಬಿಟ್ಟರೆ ಅನ್ನ, ಉಪ್ಪುನೀರು ಬಿಟ್ಟರೆ ಮಣ್ಣು. ನೋಡುವುದಕ್ಕೆ ಎರಡೂ ಒಂದೇ.

ಅದಕ್ಕೇ ದಿನಾ ಬೆಳಿಗ್ಗೆ ಮಾವನವರು ಏರಿಯ ಮೆಟ್ಟಿಲಿಳಿದು, ತೆಂಗಿನ ಚಿಪ್ಪಿನಲ್ಲಿ ಹೊಳೆಯ ನೀರು ಮೊಗೆದು, ಬಾಯಿಗೆ ಹಾಕಿ, ಕಣ್ಣು ಮುಚ್ಚುತ್ತಿದ್ದರು. ಉಗಿದು "ಎತ್ತಿ" ಅಂದರೆ ಇಬ್ಬರು ಹಗ್ಗ ಎಳೆದು ಹಲಗೆ ಎತ್ತುತ್ತಿದ್ದರು. "ಬೇಡ" ಅಂದರೆ ಎಲ್ಲರೂ ಮನೆಗೆ. ನಲವತ್ತು ವರ್ಷ ಹೀಗೇ ನಡೆದಿದೆ, ಒಂದು ದಿನವೂ ಲೆಕ್ಕ ತಪ್ಪಿಲ್ಲ ಎನ್ನುತ್ತಾರೆ. ದೊಡ್ಡವರು ಹಿಡಿದ ಕೆಲಸದಲ್ಲಿ ತಪ್ಪಿದ್ದು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ ಎಂಬುದು ನನ್ನ ಅನುಮಾನ. ಇರಲಿ, ನಾನು ಬಂದ ಮೇಲಿನ ಹದಿನಾಲ್ಕು ವರ್ಷದಲ್ಲಂತೂ ತಪ್ಪಿರಲಿಲ್ಲ.

ಮೊದಲೆಲ್ಲ ಉಪ್ಪು ಬರುವುದಕ್ಕೂ ಒಂದು ಕಾಲ ಇತ್ತಂತೆ. ಬೇಸಿಗೆಯ ಕೊನೆಯ ತಿಂಗಳು ಬರುತ್ತಿತ್ತು, ಮಳೆ ಬಿದ್ದ ಕೂಡಲೇ ಹೋಗುತ್ತಿತ್ತು. ಈಗ ಅದು ಹೇಳದೆ ಕೇಳದೆ ಬರುವ ನೆಂಟ, ಬಂದರೆ ಹೋಗುವ ಮಾತೇ ಇಲ್ಲ. ಮಳೆ ತಡ, ಬಂದರೂ ಎರಡು ದಿನ ಸುರಿದು ಇಪ್ಪತ್ತು ದಿನ ನಾಪತ್ತೆ. ಮೇಲಿನಿಂದ ಇಳಿಯುವ ಹೊಳೆ ಸಣ್ಣಗಾಗಿದೆ, ಕೆಳಗಿನಿಂದ ಏರುವ ಸಮುದ್ರ ದಪ್ಪಗಾಗಿದೆ. ಊರು ಕೈಕಟ್ಟಿ ಕೂತಿಲ್ಲ, ಅದನ್ನು ಹೇಳಬೇಕು. ವಾರಕ್ಕೊಂದು ದಿನ ಮನೆಗೊಬ್ಬರಂತೆ ಮಣ್ಣು ಹೊತ್ತು ಏರಿಯನ್ನು ಮೊಣಕಾಲೆತ್ತರ ಏರಿಸಿದೆವು. ಬಿತ್ತನೆಯನ್ನು ಒಂದು ತಿಂಗಳು ಹಿಂದಕ್ಕೆ ತಳ್ಳಿದೆವು. ಮಳೆನೀರು ಹಿಡಿಯಲು ಹೊಂಡ ತೋಡಿದೆವು. ತೀರ ತಗ್ಗಿನ ಗದ್ದೆಗಳನ್ನು ಚಾಪೆ ಹುಲ್ಲಿಗೆ ಬಿಟ್ಟೆವು. ಮುಖ್ಯವಾಗಿ, ಮನೆಗೊಂದು ಸಸಿಮಡಿ ಮಾಡುವುದನ್ನು ನಿಲ್ಲಿಸಿ, ತೂಬಿನ ಹತ್ತಿರದ ಎತ್ತರದ ಜಾಗದಲ್ಲಿ ಇಡೀ ಊರಿಗೆ ಒಂದೇ ಮಡಿ ಮಾಡಿದೆವು. ಒಟ್ಟಿಗೆ ಕಾಯುವುದು ಸುಲಭ ಎಂದು. ಒಟ್ಟಿಗೆ ಸಾಯುವುದೂ ಸುಲಭ ಎಂದು ನಾನು ಅವತ್ತೇ ಹೇಳಿದ್ದೆ. ನನ್ನ ಗಂಡ "ನಿನ್ನ ಬಾಯಲ್ಲಿ ಒಳ್ಳೇದು ಬರಲ್ವಾ?" ಎಂದು ರೇಗಿದರು.

ಉಪ್ಪು ಅಳೆಯುವ ಮೀಟರೂ ಬಂತು. ಪೆನ್ನಿನ ಹಾಗಿತ್ತು, ತುದಿಯನ್ನು ನೀರಿಗೆ ಅದ್ದಿದರೆ ಅಂಕಿ ತೋರಿಸುತ್ತಿತ್ತು. ಸೊಸೈಟಿಯ ಗುಮಾಸ್ತರು ಅದನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟರು. ಅದರ ತುದಿಯನ್ನು ಸದಾ ಒದ್ದೆಯಾಗಿಡಬೇಕು ಎಂದು ಕಾಗದದಲ್ಲಿ ಬರೆದಿತ್ತಂತೆ. ಕಾಗದ ಓದುವವರಾರು? ಒಂದು ದಿನ ಒಣಗಿದ ಮೀಟರು "ಸಿಹಿ" ಎಂದಿತು, ಮಾವನವರು "ಉಪ್ಪು" ಎಂದರು. ಜಗಳ ಬಿಡಿಸಲು ಒಂದು ಎಮ್ಮೆಯನ್ನು ಕರೆತಂದರು. ಎಮ್ಮೆ ನೀರು ಮೂಸಿ ಮೂತಿ ತಿರುಗಿಸಿತು. ಅಲ್ಲಿಗೆ ಮೀಟರಿನ ಮಾನ ಹೋಯಿತು, ನಾಲಿಗೆಯ ಮಾನ ಎರಡರಷ್ಟಾಯಿತು.

ಹೋದ ವರ್ಷ ಮಾವನವರಿಗೆ ಹತ್ತು ದಿನ ಕೆಟ್ಟ ಜ್ವರ ಬಂತು. ಎದ್ದರು, ಮತ್ತೆ ತೂಬಿಗೆ ಹೋಗತೊಡಗಿದರು. ಅದಾದ ಎಷ್ಟೋ ತಿಂಗಳ ಮೇಲೆ ಒಂದು ಬೆಳಿಗ್ಗೆ ಗಡಿಬಿಡಿಯಲ್ಲಿ ನಾನು ಗಂಜಿಗೆ ಉಪ್ಪು ಹಾಕುವುದನ್ನೇ ಮರೆತೆ. ನನ್ನ ಗಂಡ ಒಂದು ತುತ್ತಿಗೇ ತಟ್ಟೆ ಸರಿಸಿ "ಉಪ್ಪಿಗೇನು ಬರಗಾಲವಾ?" ಎಂದರು. ಮಾವನವರು ಮಾತ್ರ ಕಣ್ಣು ಮುಚ್ಚಿ, ಮೂರು ಎಣಿಸಿ, ಏನೂ ಹೇಳದೆ ಪೂರ್ತಿ ತಿಂದು ಎದ್ದಿದ್ದರು.

ಬೇರೆಯವರಾಗಿದ್ದರೆ, ಪಾಪ ಸೊಸೆಯ ಮನಸ್ಸು ನೋಯಿಸಬಾರದೆಂದು ಸುಮ್ಮನಿದ್ದರು ಅಂದುಕೊಳ್ಳುತ್ತಿದ್ದರು. ಹದಿನಾಲ್ಕು ವರ್ಷ ಒಂದು ಹರಳನ್ನೂ ಬಿಡದ ಮನುಷ್ಯ ಈಗ ನನ್ನ ಮನಸ್ಸು ನೋಡುತ್ತಾರೆಯೇ? ಆಮೇಲೆ ಕೂತು ಯೋಚಿಸಿದೆ. ಅವರು "ಒಂದು ಹರಳು ಕಮ್ಮಿ" ಅಂದು ಎಷ್ಟು ದಿನವಾಯಿತು? ಜ್ವರದ ಮೇಲೆ ಒಂದು ಸಲವೂ ಅಂದಿರಲಿಲ್ಲ. ನನ್ನ ಕೈ ಪಳಗಿದೆ ಎಂದು ನಾನೇ ಬೀಗುತ್ತಿದ್ದೆನಲ್ಲ ಎಂದು ನಾಚಿಕೆಯಾಯಿತು.

ಮರುದಿನ ಅವರ ತಟ್ಟೆಗೆ ಮಾತ್ರ ಒಂದು ಹಿಡಿ ಉಪ್ಪು ಹಾಕಿದೆ. ಪಾಪದ ಕೆಲಸ, ಗೊತ್ತು. ಅವರು ಮೂರು ಎಣಿಸಿದರು. ತಿಂದರು. ಮೂರು ಲೋಟ ನೀರು ಕುಡಿದರು. "ಚೆನ್ನಾಗಿದೆ" ಎಂದರು.

ಊರಿನ ಅನ್ನ ಇವರ ನಾಲಿಗೆಯ ಮೇಲಿದೆ, ಆ ನಾಲಿಗೆ ಸತ್ತಿದೆ. ಹಾಗಿದ್ದರೆ ದಿನಾ ಬೆಳಿಗ್ಗೆ ಇವರು ತೂಬಿನಲ್ಲಿ ನಿಂತು ಹೇಳುವುದೇನು? ಬಾಯಿಗೆ ಬಂದದ್ದೇ?

ಗಂಡನಿಗೆ ಹೇಳಲಿಲ್ಲ. ಅವರು ಅಪ್ಪನನ್ನು ದೇವರೆಂದುಕೊಂಡವರು, ನನ್ನನ್ನು ಸದಾ ಗೊಣಗುವ ಗಿರಣಿಯೆಂದುಕೊಂಡವರು. ನೇರವಾಗಿ ಮಾವನವರನ್ನು ಕೇಳಬಹುದಿತ್ತು. ಕೇಳಲಿಲ್ಲ. ಅನುಮಾನ ಪಡುವವರಿಗೆ ಕೇಳುವುದಕ್ಕಿಂತ ಕಾಯುವುದೇ ರುಚಿ.

ಅವತ್ತಿನಿಂದ ಬಟ್ಟೆ ಒಗೆಯುವ ನೆಪದಲ್ಲಿ ನಾನೂ ತೂಬಿಗೆ ಹೋಗತೊಡಗಿದೆ. ಮಾವನವರು ಮೆಟ್ಟಿಲಿಳಿದು ಮೊದಲು ಕೈ ತೊಳೆಯುತ್ತಿದ್ದರು. ಜ್ವರ ಬಂದಾಗ ಡಾಕ್ಟರು ಹೇಳಿದ್ದರು, ಕೈ ತೊಳೆಯದೆ ಏನನ್ನೂ ಬಾಯಿಗೆ ಹಾಕಬೇಡಿ ಎಂದು. ಆಮೇಲೆ ಚಿಪ್ಪು, ಆಮೇಲೆ ಮೂರು ಎಣಿಕೆ, ಆಮೇಲೆ ತೀರ್ಪು. ಎಲ್ಲರೂ ಚದುರಿದ ಮೇಲೆ ನಾನು ಬೊಗಸೆಯಲ್ಲಿ ನೀರು ಹಿಡಿದು ರುಚಿ ನೋಡುತ್ತಿದ್ದೆ. ಮೊದಲ ದಿನ "ಬೇಡ" ಅಂದಿದ್ದರು. ಉಪ್ಪಿತ್ತು. ಮರುದಿನ "ಎತ್ತಿ" ಅಂದರು. ಸಿಹಿ. ಹೀಗೆ ಹದಿನಾರು ದಿನ ನೋಡಿದೆ. ಹದಿನಾರಕ್ಕೆ ಹದಿನಾರೂ ಸರಿ.

ನನಗೆ ತಲೆ ಕೆಟ್ಟಿತು. ಒಂದು ಹಿಡಿ ಉಪ್ಪು ಗೊತ್ತಾಗದವರಿಗೆ ಹೊಳೆಯೊಳಗಿನ ಒಂದು ಚಿಟಿಕೆ ಗೊತ್ತಾಗುವುದು ಹೇಗೆ? ಯಾರೋ ಮೊದಲೇ ಹೇಳಿಕೊಡುತ್ತಿರಬೇಕು. ಗುಮಾಸ್ತರೇ? ಪಂಪಿನವನೇ?

ಈ ಪಂಪಿನವನ ವಿಷಯ ಹೇಳಬೇಕು. ಊರಿನಲ್ಲಿ ಹೊಂಡದ ನೀರೆತ್ತಲು ಡೀಸೆಲ್ ಪಂಪುಗಳನ್ನು ಬಾಡಿಗೆಗೆ ಬಿಡುವವನು. ತೂಬು ಮುಚ್ಚಿದ್ದಷ್ಟೂ ಅವನಿಗೆ ಲಾಭ. ಚಹಾದ ಅಂಗಡಿಯಲ್ಲಿ ಕೂತು, "ನಾಲಿಗೆಗೆ ಎಲುಬಿಲ್ಲ ಸ್ವಾಮಿ, ಹೆಂಗೆ ಬೇಕಾದ್ರೂ ಹೊರಳುತ್ತೆ. ಅವರ ಗದ್ದೆಗೆ ನೀರು ಬೇಕಾದ ದಿನವೇ ಹೊಳೆ ಸಿಹಿಯಾಗೋದು ನೋಡಿದೀರಾ?" ಎನ್ನುತ್ತಿದ್ದ. ಸುಳ್ಳು. ನನಗೆ ಮೈಯೆಲ್ಲ ಉರಿಯಿತು. ನಮ್ಮವರ ಮೇಲೆ ನಾವು ಅನುಮಾನ ಪಡಬಹುದು, ಬೇರೆಯವರು ಪಟ್ಟರೆ ಸಹಿಸಲಾಗುತ್ತದೆಯೇ?

ಇದೇ ಹೊತ್ತಿಗೆ ಮನೆಯಲ್ಲಿ ಇನ್ನೊಂದು ತಲೆನೋವು ನನ್ನ ಕಣ್ಣಿಗೆ ಬಿತ್ತು. ಸ್ನಾನದ ಸೋಪು ಕರಗುವುದರ ಜೊತೆಗೆ ಕಾಣೆಯಾಗುತ್ತಿತ್ತು. ವಾರಕ್ಕೊಮ್ಮೆ ಕೆಂಪು ಸೋಪಿನ ಒಂದು ತುದಿ, ಚಾಕುವಿನಲ್ಲಿ ಕೊಯ್ದ ಹಾಗೆ ನೀಟಾಗಿ, ಇಲ್ಲವಾಗುತ್ತಿತ್ತು. ನಮ್ಮ ಬಚ್ಚಲು ಹಿತ್ತಲಿನಲ್ಲಿದೆ. ಹಿತ್ತಲಿಗೆ ಬರುವವಳು ಪಕ್ಕದ ಮನೆಯ ಅಕ್ಕ, ನಮ್ಮ ಬಾವಿಯಿಂದ ನೀರು ಸೇದಲು. ಅವಳ ಬಾವಿ ಉಪ್ಪಾಗಿ ಎರಡು ವರ್ಷವಾಗಿತ್ತು. ನೀರು ಕೊಟ್ಟರೆ ಸೋಪೂ ಬೇಕಾಯಿತೇ ಎಂದು ನಾನು ಹಲ್ಲು ಕಡಿದೆ. ಸೋಪಿನ ಮೇಲೆ ಉಗುರಿನಿಂದ ಗುರುತು ಮಾಡಿದೆ. ಗುರುತಿನ ಸಮೇತ ತುಂಡು ಹೋಯಿತು.

ಈ ವರ್ಷ ಮಳೆ ಮೊದಲೆರಡು ದಿನ ಚೆನ್ನಾಗಿ ಬಿತ್ತು. ಎಲ್ಲರೂ ಸೇರಿ ಊರಿನ ಮಡಿಗೆ ಬೀಜ ಚೆಲ್ಲಿದೆವು. ಮೊಳಕೆ ಬಂತು. ಮಳೆ ಹೋಯಿತು. ಇಪ್ಪತ್ತೈದು ದಿನ ಮೋಡದ ಸುಳಿವಿಲ್ಲ, ಹೊಂಡ ತಳ ಕಂಡಿತು, ಹೊಳೆ ಇಡೀ ಉಪ್ಪು. ಸಸಿ ನಿಂತಲ್ಲೇ ಒಣಹುಲ್ಲಾಯಿತು. ಆಮೇಲೆ ಎರಡು ಹನಿ ಬಿದ್ದಾಗ ಮನೆಮನೆಯ ಡಬ್ಬಿ, ಮೂಟೆ ಕೊಡವಿ ಉಳಿದ ಬೀಜವನ್ನೆಲ್ಲ ಒಟ್ಟು ಮಾಡಿ ಎರಡನೇ ಸಲ ಚೆಲ್ಲಿದೆವು. ಇನ್ನು ಊರಿನಲ್ಲಿ ಬಿತ್ತಲು ಒಂದು ಹಿಡಿ ಬೀಜವೂ ಇರಲಿಲ್ಲ. ಈ ಮಡಿ ಹೋದರೆ ಈ ವರ್ಷ ಗದ್ದೆ ಬೀಳು, ಊರೆಲ್ಲ ಕೂಲಿಗೆ ಬೇರೆ ಊರು.

ಸಸಿ ಗೇಣುದ್ದ ಬಂದಿತ್ತು. ಮಡಿಯ ಮಣ್ಣು ಬಿರುಕು ಬಿಡುವುದರಲ್ಲಿತ್ತು. ನಾಳೆಯೋ ನಾಡಿದ್ದೋ ತೂಬು ತೆರೆಯಲೇಬೇಕು. ಮೇಲೆ ಎಲ್ಲೋ ಮಳೆಯಾಗಿದೆ, ಹೊಳೆಗೆ ಸಿಹಿನೀರು ಇಳಿಯುತ್ತಿದೆ ಎಂದು ಸುದ್ದಿ ಬಂತು. ಮಾವನವರು ನಾಲ್ಕು ದಿನ "ಬೇಡ, ಬೇಡ" ಎನ್ನುತ್ತಲೇ ಇದ್ದರು. ಜನರ ಮುಖದಲ್ಲಿ ಅಸಹನೆ. ಪಂಪಿನವನ ಮಾತಿಗೆ ಈಗ ತಲೆದೂಗುವವರೂ ಇದ್ದರು.

ಆ ನಾಲ್ಕನೇ ದಿನ ನಾನು ಅಂಗಡಿಗೆ ಹೋಗಿದ್ದೆ. ನಮ್ಮ ಬಾವಿಯ ನೀರೂ ನಿಧಾನವಾಗಿ ಉಪ್ಪಿಗೆ ತಿರುಗುತ್ತಿತ್ತು, ತಲೆಗೆ ಹಾಕಿದರೆ ಕೂದಲು ಅಂಟು. ಅಂಗಡಿಯವನು ಒಂದು ಹಸಿರು ಸೋಪು ತೆಗೆದುಕೊಟ್ಟ. "ಇದು ತಗೊಳ್ಳಿ ಅಕ್ಕ. ಹಳೇ ಸೋಪು ಈ ನೀರಲ್ಲಿ ಒಡೆದ ಹಾಲಿನ ಥರ ಆಗುತ್ತೆ. ಇದು ಸಮುದ್ರದಲ್ಲಿ ತಿಕ್ಕಿದ್ರೂ ನೊರೆ ಬರುತ್ತೆ. ಈಗ ಊರಲ್ಲೆಲ್ಲಾ ಇದೇ." ತಂದು ಬಚ್ಚಲಿನಲ್ಲಿಟ್ಟೆ. ಉಳಿದ ಕೆಂಪು ಸೋಪನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದೆ. ಕಳ್ಳಿಗೆ ತಕ್ಕ ಶಾಸ್ತಿ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಮಾವನವರೂ ನನ್ನ ಗಂಡನೂ ತೂಬಿಗೆ ಹೋದ ಮೇಲೆ ಬಚ್ಚಲಿಗೆ ಹೋದರೆ, ನಿನ್ನೆ ತಂದ ಹಸಿರು ಸೋಪಿನ ಒಂದು ತುದಿ ಇಲ್ಲ! ಅದೇ ಚಾಕು, ಅದೇ ನೀಟು. ನೆತ್ತಿಗೇರಿತು ಕೋಪ. ಸೋಪು ಹಿಡಿದುಕೊಂಡೇ ಪಕ್ಕದ ಮನೆಗೆ ನುಗ್ಗಿದೆ.

"ಅಕ್ಕಾ, ನೀರು ಕೊಡಲ್ಲ ಅಂದಿದ್ದೀನಾ? ಸೋಪು ಬೇಕಿದ್ರೆ ಬಾಯಿಬಿಟ್ಟು ಕೇಳಬಾರ್ದಾ?"

ಅವಳು ಕೈಯಲ್ಲಿದ್ದ ಪೊರಕೆಯನ್ನು ನಿಧಾನವಾಗಿ ಕೆಳಗಿಟ್ಟಳು. "ಏನಂದೆ? ಇನ್ನೊಂದ್ಸಲ ಹೇಳು."

"ಯಾರೋ ವಾರವಾರ ಸೋಪು ಕೊಯ್ತಾ ಇದಾರೆ. ನಮ್ಮ ಹಿತ್ತಲಿಗೆ ಬರೋರು ನೀವೊಬ್ರೇ."

"ಥೂ ನಿನ್ನ! ನಿನ್ನ ಮನೇಲಿ ಚಾಕು ಇಟ್ಕೊಂಡು ಓಡಾಡೋರು ಯಾರು ಅಂತ ನೋಡ್ಕೊಳ್ಳೇ ಮೊದಲು. ನಿಮ್ಮ ಮಾವ ಬೆಳಿಗ್ಗೆ ಬೆಳಿಗ್ಗೆ ಬಚ್ಚಲಲ್ಲಿ ಸೋಪು ಕೊಯ್ದು ಅಂಗಿ ಜೇಬಿಗೆ ಹಾಕ್ಕೊಳ್ಳೋದನ್ನ ನಾನು ಎಷ್ಟು ಸಲ ನೋಡಿಲ್ಲ! ತೂಬಲ್ಲಿ ಕೈ ತೊಳೆಯೋಕೆ ಅಂತ ಸುಮ್ಮನಿದ್ದೆ. ಕಳ್ಳಿ ಅಂತೀಯಾ ನನ್ನ?"

ಕೈ ತೊಳೆಯುವ ಸೋಪು. ದಿನಾ ನನ್ನ ಕಣ್ಣೆದುರೇ ಅವರು ಕೈ ತೊಳೆಯುತ್ತಿದ್ದರು, ನಾನು ಚಿಪ್ಪನ್ನೇ ನೋಡುತ್ತಿದ್ದೆ. ಅಂಗಡಿಯವನ ಮಾತು ಕಿವಿಯಲ್ಲಿ ಮತ್ತೆ ಕೇಳಿಸಿತು. ಹಳೇ ಸೋಪು ಉಪ್ಪುನೀರಿನಲ್ಲಿ ಒಡೆದ ಹಾಲಿನ ಥರ ಆಗುತ್ತದೆ. ಸಿಹಿನೀರಿನಲ್ಲಿ ಮಾತ್ರ ನೊರೆ ಬರುತ್ತದೆ. ಅವರು ಹೊಳೆಯನ್ನು ನೋಡುತ್ತಿದ್ದದ್ದು ಬಾಯಿಂದಲ್ಲ, ಅಂಗೈಯಿಂದ. ಇವತ್ತು ಅವರ ಜೇಬಿನಲ್ಲಿರುವುದೋ ಸಮುದ್ರದಲ್ಲೂ ನೊರೆ ಬರುವ ಸೋಪು!

ಸೆರಗು ಸಿಕ್ಕಿಸಿಕೊಂಡು ಓಡಿದೆ. ಓಡುವಾಗ ಒಂದೇ ಬೇಡಿಕೆ, ಇವತ್ತು ಹೊಳೆ ನಿಜವಾಗಿಯೂ ಸಿಹಿಯಾಗಿರಲಿ, ನಾನು ಬಾಯಿ ಬಿಡದ ಹಾಗಾಗಲಿ. ಏರಿಯ ಮೇಲೆ ಊರೇ ನೆರೆದಿತ್ತು. ನಾನು ಮೇಲೆ ಹತ್ತುವಷ್ಟರಲ್ಲಿ ಮಾವನವರು ಚಿಪ್ಪಿನ ನೀರು ಉಗಿದು, ತಲೆ ಎತ್ತಿ, "ಎತ್ತಿ" ಎಂದರು. ಹೋ ಎಂದು ಕೂಗಿದರು ಜನ. ಹಗ್ಗ ಬಿಗಿಯಾಯಿತು.

ನಾನು ಮೆಟ್ಟಿಲಿಳಿದು ಬೊಗಸೆಯಲ್ಲಿ ನೀರು ತೆಗೆದು ಬಾಯಿಗೆ ಹಾಕಿದೆ. ಗಂಜಿಗೆ ಮೊದಲ ಚಿಟಿಕೆ ಬಿದ್ದಾಗ ಹೇಗಿರುತ್ತದೋ ಹಾಗೆ. ದೊಡ್ಡ ಸಸಿ ತಡೆದುಕೊಂಡೀತು, ಗೇಣುದ್ದದ ಎಳೆಯದು ಮೂರು ದಿನದಲ್ಲಿ ತುದಿ ಹಳದಿಯಾಗಿ ಮಲಗುತ್ತದೆ. ಹೇಳಿದರೆ ಮಾವನವರ ನಲವತ್ತು ವರ್ಷ ಈ ಏರಿಯ ಮೇಲೆ, ಈ ಪಂಪಿನವನ ಎದುರು, ಮಣ್ಣುಪಾಲು. ಹೇಳದಿದ್ದರೆ ಮಡಿ. ನಿಜ ಹೇಳುತ್ತೇನೆ, ಒಂದು ಕ್ಷಣ ಸುಮ್ಮನಿರೋಣ ಎನಿಸಿತು. ತಪ್ಪಿದರೆ ಹೊಳೆಯ ಮೇಲೆ ಹಾಕಬಹುದಲ್ಲ ಎಂದೂ ಅನಿಸಿತು. ಅಷ್ಟರಲ್ಲಿ ಹಲಗೆಯ ಅಡಿಯಿಂದ ನೀರು ಕಾಲುವೆಗೆ ಬುಳಬುಳನೆ ನುಗ್ಗುವ ಸದ್ದು ಕೇಳಿಸಿತು.

"ಇಳಿಸಿ! ಹಲಗೆ ಇಳಿಸಿ! ನೀರು ಉಪ್ಪು!"

ಹಗ್ಗ ಹಿಡಿದವರು ಹಾಗೇ ನಿಂತರು. ಪಂಪಿನವನು ಇಳಿದು ಬಂದು ಒಂದು ಗುಟುಕು ಕುಡಿದು ನಕ್ಕ. "ಎಲ್ಲಿ ಉಪ್ಪು? ಸಿಹಿಯಾಗೇ ಇದೆ. ಅಲ್ಲಾ, ಮಾವನ ನಾಲಿಗೆ ಮೇಲೆ ಸೊಸೆ ನಾಲಿಗೇನಾ?" ಹೊಂಡ ಬತ್ತಿ ಪಂಪಿಗೆ ಕೆಲಸವಿರಲಿಲ್ಲ, ಅವನ ಬೀಜವೂ ಅದೇ ಮಡಿಯಲ್ಲಿತ್ತು; ಅವನಿಗೆ ಮಾವನವರ ಪರ ಮಾತಾಡಬೇಕಾಗಿ ಬಂದದ್ದು ಅದೇ ಮೊದಲು. ನನ್ನ ಗಂಡ ಏರಿಯ ಮೇಲಿನಿಂದಲೇ ಗದರಿದರು: "ನಿನಗೇನು ತಲೆ ಕೆಟ್ಟಿದೆಯಾ? ಮನೆಗೆ ನಡಿ!"

ನಾನು ಯಾರನ್ನೂ ನೋಡಲಿಲ್ಲ. ಮಾವನವರನ್ನು ನೋಡಿದೆ. ಅವರ ಎರಡೂ ಕೈಗಳಿಗೆ ಇನ್ನೂ ನೊರೆ ಅಂಟಿಕೊಂಡಿತ್ತು. ನನ್ನ ಕೈಯಲ್ಲಿ, ಓಡುವ ಭರದಲ್ಲಿ ಕೆಳಗಿಡಲು ಮರೆತಿದ್ದ ಹಸಿರು ಸೋಪು. ತುದಿ ಕೊಯ್ದದ್ದು. ಅವರ ಕಣ್ಣು ಸೋಪಿನ ಮೇಲೆ ಬಿತ್ತು, ಆಮೇಲೆ ನನ್ನ ಮುಖದ ಮೇಲೆ.

"ಇದ್ಯಾವ ಸೋಪಮ್ಮಾ?" ಎಂದರು, ನನಗೊಬ್ಬಳಿಗೇ ಕೇಳುವಂತೆ.

"ಹೊಸದು ಮಾವ. ನಿನ್ನೆ ತಂದೆ." ಸೋಪನ್ನು ಅವರತ್ತ ಚಾಚಿದೆ. "ಇದು ಉಪ್ಪುನೀರಲ್ಲೂ ನೊರೆ ಬರುತ್ತಂತೆ."

ಅವರು ತಮ್ಮ ಅಂಗೈ ನೋಡಿಕೊಂಡರು. ಮೂರು ಎಣಿಸುವಷ್ಟು ಹೊತ್ತು. ನಾನು ಅವರ ಜಾಗದಲ್ಲಿದ್ದಿದ್ದರೆ ಸೊಸೆಗೆ ಹುಚ್ಚು ಎಂದುಬಿಡುತ್ತಿದ್ದೆ. ಊರು ನಂಬುತ್ತಿತ್ತು. ಅವರು ತಲೆ ಎತ್ತಿ, ನಾನು ಯಾವತ್ತೂ ಕೇಳದಷ್ಟು ದೊಡ್ಡ ದನಿಯಲ್ಲಿ ಕೂಗಿದರು.

"ಹಲಗೆ ಇಳಿಸ್ರೋ! ನೀರು ಉಪ್ಪು. ನನ್ನ ಸೊಸೆ ಹೇಳಿದ್ದು ಸರಿ. ನನ್ನ ನಾಲಿಗೆ ಸತ್ತು ಒಂದು ವರ್ಷ ಆಯ್ತು."

ಹಲಗೆ ದಢಾರನೆ ಬಿತ್ತು. ಕಾಲುವೆಗಿಳಿದಿದ್ದ ನೀರು ಮಡಿಯ ಕಡೆಗೆ ಹೊರಟೇಬಿಟ್ಟಿತ್ತು. ಗಂಡ, ಗುಮಾಸ್ತರು, ಕೊನೆಗೆ ಪಂಪಿನವನೂ ಕಾಲುವೆಗೆ ಹಾರಿ ಕೈಗೆ ಸಿಕ್ಕ ಮಣ್ಣು, ಹುಲ್ಲು, ಮೈಮೇಲಿನ ಟವೆಲು ಎಲ್ಲ ಒತ್ತಿ ಕಟ್ಟೆ ಹಾಕಿದರು. ಮಡಿಯ ಒಂದು ಮೂಲೆಗೆ ಮಾತ್ರ ನೀರು ತಾಗಿತು. ಆ ಮೂಲೆಯ ಸಸಿ ಮೂರನೇ ದಿನಕ್ಕೆ ಹಳದಿಯಾಯಿತು. ಅದನ್ನು ನೋಡಿದ ಮೇಲೆ ಊರಿನಲ್ಲಿ ನನಗೆ ಹುಚ್ಚು ಎನ್ನುವವರು ಇಲ್ಲವಾದರು.

ಅವತ್ತು ಏರಿಯ ಮೇಲೆ ನಡೆದ ಮಾತುಗಳನ್ನೆಲ್ಲ ನಾನು ಬರೆಯುವುದಿಲ್ಲ. ಕೆಲವರು ಬೈದರು, ಒಬ್ಬಿಬ್ಬರು ಅತ್ತರು. "ಒಂದು ವರ್ಷ ನಮ್ಮ ತಟ್ಟೆಗೆ ಸೋಪಿನ ನೊರೆ ಬಡಿಸಿದ್ರಲ್ಲ!" ಎಂದು ಒಬ್ಬರು ಕೂಗಿದರು. ಮಾವನವರು ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡರು. ಕೊನೆಗೆ ಇಷ್ಟೇ ಹೇಳಿದರು: "ಹೇಳಬೇಕಿತ್ತು. ಮೀಟರು ಕೆಟ್ಟಿತ್ತು, ನಾನೂ ಕೆಟ್ಟೆ ಅಂದ್ರೆ ನೀವು ಯಾರನ್ನ ನಂಬ್ತಿದ್ರಿ? ಹಳೇ ಕಾಲದಲ್ಲಿ ಇಲ್ಲಿ ಬಟ್ಟೆ ಒಗೆಯೋ ಹೆಂಗಸರು ನೊರೆ ನೋಡಿ ಹೊಳೆ ಹೇಗಿದೆ ಅಂತಿದ್ರು. ಅದು ನೆನಪಾಯ್ತು. ದಿನಾ ಸರಿ ಬರ್ತಿತ್ತು. ಸೋಪು ಸೋಪೇ ಅಂದ್ಕೊಂಡೆ."

ಅಷ್ಟು ದಿನ ಸರಿ ಹೇಳಿದ್ದು ಸೋಪು ಎಂದಾದರೆ, ಸೋಪನ್ನು ಬಿಡುವುದೇಕೆ? ಆದರೆ ಯಾರಿಗೂ ಯಾರ ಮೇಲೂ ನಂಬಿಕೆ ಉಳಿದಿರಲಿಲ್ಲ. ಹಾಗಾಗಿ ನಮ್ಮೂರು ಅನುಮಾನವನ್ನೇ ಕೆಲಸಕ್ಕೆ ಹಚ್ಚಿತು. ಈಗ ಬೆಳಿಗ್ಗೆ ಮೂವರು, ಒಬ್ಬರ ಮುಖ ಒಬ್ಬರಿಗೆ ಕಾಣದ ಹಾಗೆ ದೂರದೂರ ನಿಂತು ನೀರಿನ ರುಚಿ ನೋಡಬೇಕು. ಸಿಹಿಯಾದರೆ ಬಿಳಿ ಕಲ್ಲು, ಉಪ್ಪಾದರೆ ಕರಿ ಕಲ್ಲು ಗಡಿಗೆಗೆ ಹಾಕಬೇಕು. ಒಂದು ಕರಿ ಕಲ್ಲಿದ್ದರೂ ಹಲಗೆ ಏಳುವುದಿಲ್ಲ. ಮೀಟರಿನ ತುದಿ ಈಗ ಸದಾ ಒದ್ದೆ, ಅದನ್ನು ನೋಡಿಕೊಳ್ಳುವುದು ಪಂಪಿನವನು, ಅವನನ್ನು ನೋಡಿಕೊಳ್ಳುವುದು ಗುಮಾಸ್ತರು. ಮೂವರು ರುಚಿ ನೋಡುವವರಲ್ಲಿ ನಾನೊಬ್ಬಳು. ಪಕ್ಕದ ಮನೆಯ ಅಕ್ಕ ಇನ್ನೊಬ್ಬಳು. "ನೀನು ಸರಿಯಾಗಿ ನೋಡ್ತೀಯಾ ಅಂತ ನೋಡೋಕೆ ನಾನು ಬೇಕೇ ಬೇಕು" ಎಂದು ಅವಳೇ ಬಂದು ನಿಂತಳು. ನಾನು ಕೈಮುಗಿದು ಕ್ಷಮೆ ಕೇಳಿದ್ದೇನೆ. ಇನ್ನೂ ಸಿಕ್ಕಿಲ್ಲ. ಎಲ್ಲ ಆದ ಮೇಲೆ ಕೊನೆಯಲ್ಲಿ ಮಾವನವರು ಕೆಂಪು ಸೋಪಿನಿಂದ ಕೈ ತೊಳೆಯುತ್ತಾರೆ, ಊರೆಲ್ಲ ಬಗ್ಗಿ ನೋಡುತ್ತದೆ. ಪೆಟ್ಟಿಗೆಯ ಬೀಗ ತೆಗೆದು ಆ ಸೋಪು ಕೊಟ್ಟವಳು ನಾನೇ.

ಎರಡು ದಿನದ ಮೇಲೆ ಮೂರೂ ಬಿಳಿ ಕಲ್ಲು ಬಂದವು, ಹಲಗೆ ಎತ್ತಿದರು, ಮಡಿ ನೀರು ಕುಡಿಯಿತು.

ಹಲಗೆ ಬಿದ್ದ ಆ ದಿನ ಮಾತ್ರ ನಾವು ಮನೆಗೆ ಬರುವಾಗ ಸೂರ್ಯ ನೆತ್ತಿಯ ಮೇಲಿದ್ದ. ದಾರಿಯಲ್ಲಿ ಮಾವನವರು ಚಿಪ್ಪನ್ನು ನನ್ನ ಕೈಗಿತ್ತು, "ನಿನ್ನ ಕೈಗೆ ಚಿಪ್ಪು ಕೊಟ್ಟೆ ಅಂತ ಊರು ನಗುತ್ತೆ, ನಗ್ಲಿ" ಎಂದರು. ನಾನು ಬೆಳಿಗ್ಗೆ ಮಾಡಿಟ್ಟಿದ್ದ ಗಂಜಿಯನ್ನು ಬಿಸಿ ಮಾಡಿ ತಟ್ಟೆಗೆ ಹಾಕಿದೆ. ಅವರು ಕೂತರು. ತುತ್ತು ಎತ್ತಲಿಲ್ಲ.

"ಮಳೆಗೆ ಮುಂಚೆ ಒಂದು ದಿನ ನನ್ನ ತಟ್ಟೆಗೆ ಒಂದು ಹಿಡಿ ಹಾಕಿದ್ದೆ ಅಲ್ವಾ?"

ನಾನು ಸೌಟು ಕೆಳಗಿಟ್ಟೆ. "ನಿಮಗೆ ಹೇಗೆ ಗೊತ್ತಾಯ್ತು ಮಾವ?"

"ಸಂಜೆವರೆಗೂ ಬಾಯಾರಿಕೆ. ಉಪ್ಪು ತಿಂದವನು ನೀರು ಕುಡಿಯಲೇಬೇಕಲ್ಲ. ಅವತ್ತಿನಿಂದ ನೀನು ಬಟ್ಟೆ ಗಂಟು ಹಿಡ್ಕೊಂಡು ಹಿಂದೆ ಹಿಂದೆ ಬರ್ತಿದ್ದೆ. ಇವತ್ತು ಹೇಳ್ತಾಳೆ, ನಾಳೆ ಹೇಳ್ತಾಳೆ ಅಂತ ಕಾಯ್ತಾ ಇದ್ದೆ."

"ಗೊತ್ತಿದ್ದೂ ಸುಮ್ಮನಿದ್ರಾ? ಒಂದು ಮಾತು ಹೇಳಬಹುದಿತ್ತಲ್ಲ!"

"ನೀನೂ ಒಂದು ಮಾತು ಕೇಳಬಹುದಿತ್ತಲ್ಲಮ್ಮಾ."

ನನಗೆ ಅಳು ಬಂತು. ಒಂದೇ ಸೂರಿನಡಿ ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಾ ಕೂತಿದ್ದೆವು, ಅಷ್ಟರಲ್ಲಿ ಊರಿನ ಕೊನೆಯ ಬೀಜ ಮುಳುಗುತ್ತಿತ್ತು. ಸೆರಗಿನಿಂದ ಮುಖ ಒರೆಸಿಕೊಂಡೆ. ಅವರು ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು.

"ರುಚಿ ನೋಡಿ ಹೇಳು. ಉಪ್ಪು ಹೇಗಿದೆ?"

ನಾನು ಅವರ ತಟ್ಟೆಯಿಂದಲೇ ಒಂದು ತುತ್ತು ತೆಗೆದು ಬಾಯಿಗಿಟ್ಟುಕೊಂಡೆ. ಕಣ್ಣು ಮುಚ್ಚಿದೆ. ಮೂರು ಎಣಿಸಿದೆ.

"ಒಂದು ಹರಳು ಕಮ್ಮಿ ಮಾವ."

"ಹಾಗಾದ್ರೆ ಹಾಕು" ಎಂದು ಅವರು ತಟ್ಟೆ ಹಿಡಿದರು.